ಹರಿದ ಬೆಲ್ಟಿನ ಬೆನ್ನು

ಮೇ ತಿಂಗಳ ಮೂರನೆಯ ಶನಿವಾರ, ಮನೆಯ ಹಿಂದಿನ ಇಳಿಜಾರಿನಲ್ಲಿ ಎರಡನೆಯ ಸಾಲು ಮುಗಿಸಿ ಮೇಪಲ್ ಮರವನ್ನು ಸುತ್ತಿಕೊಂಡು ಬರುತ್ತಿದ್ದಾಗ, ನಾನು ಕುಳಿತಿದ್ದ ಹುಲ್ಲು ಕತ್ತರಿಸುವ ಟ್ರಾಕ್ಟರಿನ ಅಡಿಯಿಂದ ಒದ್ದೆ ಬಟ್ಟೆಯನ್ನು ಒಗೆಯುವ ಕಲ್ಲಿಗೆ ಬಡಿದಂಥ ಸದ್ದು ಬಂದಿತು. ಎಂಜಿನ್ ನಿಲ್ಲಲಿಲ್ಲ, ಬದಲಿಗೆ ಭಾರ ಇಳಿಸಿದವರ ಹಾಗೆ ಅದರ ದನಿ ಹಗುರಾಯಿತು. ಟ್ರಾಕ್ಟರ್ ಮುಂದಕ್ಕೆ ಹೋಗುತ್ತಲೇ ಇತ್ತು. ಹತ್ತು ಮಾರು ದೂರ ಹೋಗಿ ಹಿಂತಿರುಗಿ ನೋಡಿದಾಗ, ಚಕ್ರ ಹಾದ ಜಾಗದಲ್ಲಿ ಹುಲ್ಲು ಮಲಗಿತ್ತೇ ಹೊರತು ಒಂದು ಎಸಳೂ ಕತ್ತರಿಸಿರಲಿಲ್ಲ.

ನಾವಿರುವುದು ಅಮೆರಿಕದ ಓಹಯೋ ರಾಜ್ಯದಲ್ಲಿ, ಕೊಲಂಬಸ್ ನಗರದಿಂದ ಅರ್ಧ ಗಂಟೆಯ ದಾರಿಯ ಒಂದು ಊರಿನಲ್ಲಿ. ಮನೆಯ ಸುತ್ತ ಒಂದೂಕಾಲು ಎಕರೆ ಜಾಗವಿದೆ. ನಮ್ಮ ಕಡೆಯ ಲೆಕ್ಕದಲ್ಲಿ ಐವತ್ತು ಗುಂಟೆ. ಒಂದು ಸಂಸಾರದ ರಾಗಿಯನ್ನು ಬೆಳೆದುಕೊಳ್ಳಬಹುದಾದಷ್ಟು. ಇಲ್ಲಿ ಅದಷ್ಟೂ ಹುಲ್ಲು. ಐವತ್ತು ಗುಂಟೆ ಹುಲ್ಲನ್ನು ಬೆಳೆದು, ಕತ್ತರಿಸಿ, ಕತ್ತರಿಸಿದ್ದನ್ನು ಅಲ್ಲಿಯೇ ಬಿಟ್ಟು, ಮುಂದಿನ ವಾರ ಮತ್ತೆ ಕತ್ತರಿಸುವ ಈ ಬೇಸಾಯ ಯಾವುದೆಂದು ಊರಿನಲ್ಲಿರುವ ತಂದೆಯವರಿಗೆ ತಿಳಿಸಿ ಹೇಳಲು ನನ್ನಿಂದ ಇಂದಿಗೂ ಆಗಿಲ್ಲ. ಓಹಯೋದ ತಂಪು ಹವೆಗೆ ಹೊಂದುವ ಫೆಸ್ಕ್ಯೂ ಮತ್ತು ಬ್ಲೂಗ್ರಾಸ್ ಜಾತಿಯ ಹುಲ್ಲುಗಳು ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಎಲ್ಲಿಲ್ಲದ ರಭಸದಲ್ಲಿ ಬೆಳೆಯುತ್ತವೆ. ಅವನ್ನು ಮೂರರಿಂದ ಮೂರೂವರೆ ಇಂಚು ಎತ್ತರದಲ್ಲಿ ಇಟ್ಟುಕೊಳ್ಳಬೇಕು, ಒಮ್ಮೆಗೆ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು ಎಂಬುದು ಇಲ್ಲಿಯವರು ಪಾಲಿಸುವ ಕ್ರಮ. ಹಾಗಾಗಿ ಈ ಕಾಲದಲ್ಲಿ ಯಂತ್ರ ಒಂದು ವಾರ ಮಲಗಿದರೆ ಕೆಲಸ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ.

ಟ್ರಾಕ್ಟರ್ ಎಂದಾಕ್ಷಣ ನೇಗಿಲು ಎಳೆಯುವ ಯಂತ್ರವನ್ನು ಕಲ್ಪಿಸಿಕೊಳ್ಳಬಾರದು. ಇದು ಕೂತು ಓಡಿಸುವ ಚಿಕ್ಕ ಬಂಡಿ, 18 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ನಿನದು. ಅದರ ಹೊಟ್ಟೆಯ ಕೆಳಗೆ ಬೋರಲು ಹಾಕಿದ ಬಾಣಲೆಯಂತೆ ತೂಗಿಬಿದ್ದಿರುವ ಉಕ್ಕಿನ ಭಾಗಕ್ಕೆ ಡೆಕ್ ಎನ್ನುತ್ತಾರೆ. ನನ್ನದು 42 ಇಂಚು ಅಗಲದ ಡೆಕ್. ಒಳಗೆ ಎರಡು ಬ್ಲೇಡುಗಳು. ಎಂಜಿನ್ನಿನ ದಂಡ ನೇರವಾಗಿ ಕೆಳಮುಖವಾಗಿ ಇಳಿದಿದ್ದು, ಅದರ ತುದಿಯಲ್ಲಿ ಮೇಲೊಂದು ಕೆಳಗೊಂದು ಎರಡು ಪುಲ್ಲಿಗಳಿವೆ. ಮೇಲಿನ ಪುಲ್ಲಿಯ ಬೆಲ್ಟು ಹಿಂದಿನ ಚಕ್ರಗಳಿಗೆ ಹೋಗುತ್ತದೆ, ಕೆಳಗಿನದು ಡೆಕ್ಕಿನ ಬ್ಲೇಡುಗಳಿಗೆ. ಗಾಡಿ ಚಲಿಸುತ್ತಿದೆ, ಹುಲ್ಲು ಕತ್ತರಿಸುತ್ತಿಲ್ಲ ಎಂದರೆ ಮೇಲಿನ ಬೆಲ್ಟು ನೆಟ್ಟಗಿದೆ, ಕೆಳಗಿನದು ಹೋಗಿದೆ. ಇಷ್ಟು ತೀರ್ಮಾನಕ್ಕೆ ಬರಲು ನನಗೆ ಯಾರ ನೆರವೂ ಬೇಕಾಗಲಿಲ್ಲ, ಮತ್ತು ಆ ಆತ್ಮವಿಶ್ವಾಸವೇ ಮುಂದಿನ ಎರಡು ದಿನ ನನ್ನನ್ನು ಕೆಡಿಸಿತು.

ಬೀಗದ ಕೈ ತೆಗೆದು ಕಿಸೆಗೆ ಹಾಕಿಕೊಂಡು, ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಳಚಿ ದೂರ ಸರಿಸಿ, ದಪ್ಪ ಚರ್ಮದ ಕೈಗವಸು ಹಾಕಿಕೊಂಡು ಕೆಲಸ ಶುರುಮಾಡಿದೆ. ಈ ಎಚ್ಚರಿಕೆಯಲ್ಲಿ ನಾನು ಯಾವತ್ತೂ ಕೈಬಿಟ್ಟವನಲ್ಲ. ಇಲ್ಲಿನ ಸುರಕ್ಷತಾ ಮಾನದಂಡವು ಬ್ಲೇಡಿನ ತುದಿಗೆ ಹಾಕಿರುವ ಮಿತಿಯೇ ನಿಮಿಷಕ್ಕೆ 19,000 ಅಡಿ. ಗಂಟೆಯ ಲೆಕ್ಕದಲ್ಲಿ ಸುಮಾರು 347 ಕಿಲೋಮೀಟರು. ಒಂದು ಬ್ಲೇಡನ್ನು ಕೈಯಿಂದ ತಿರುಗಿಸಿದರೆ ಬೆಲ್ಟಿನ ಮೂಲಕ ಇನ್ನೊಂದೂ ತಿರುಗುತ್ತದೆ, ಎಂಜಿನ್ನಿನ ದಂಡವನ್ನೂ ತಿರುಗಿಸಬಲ್ಲದು ಎಂಬುದನ್ನು ಮರೆತವನ ಬೆರಳುಗಳು ಅವನವಾಗಿ ಉಳಿಯುವುದಿಲ್ಲ.

ಡೆಕ್ಕನ್ನು ಅತ್ಯಂತ ಕೆಳಗಿನ ಮಟ್ಟಕ್ಕೆ ಇಳಿಸಿ, ಮುಂದಿನ ಚಕ್ರಗಳನ್ನು ಎಡಕ್ಕೆ ತಿರುಗಿಸಿಟ್ಟು, ಅದನ್ನು ಗಾಡಿಗೆ ತೂಗುಹಾಕಿರುವ ಐದು ಪಿನ್ನುಗಳ ಕ್ಲಿಪ್ಪುಗಳನ್ನು ಇಕ್ಕಳದಿಂದ ಎಳೆದು, ಬ್ಲೇಡು ಹಾಕುವ ಲಿವರಿನಿಂದ ಬರುವ ಕೇಬಲ್ಲನ್ನು ಬಿಚ್ಚಿ, ಡೆಕ್ಕನ್ನು ಬಲಗಡೆಗೆ ಎಳೆದುಕೊಂಡೆ. ಕ್ಲಿಪ್ಪುಗಳಲ್ಲೊಂದು ಚಿಮ್ಮಿ ಹುಲ್ಲಿನಲ್ಲಿ ಮಾಯವಾಯಿತು. ಅದನ್ನು ಹುಡುಕಲು ಹಿಡಿದಷ್ಟು ಹೊತ್ತು ಉಳಿದ ನಾಲ್ಕನ್ನು ತೆಗೆಯಲು ಹಿಡಿಯಲಿಲ್ಲ. ಡೆಕ್ಕಿನ ಮೇಲ್ಭಾಗದಲ್ಲಿ ಒಣಹುಲ್ಲು, ಮೇಪಲ್ ಬೀಜ, ಮಣ್ಣು ಸೇರಿ ಬೆರಣಿಯಂತೆ ಗಟ್ಟಿಯಾಗಿ ಕೂತಿತ್ತು. ಅದರ ನಡುವೆ ಹರಿದ ಬೆಲ್ಟು ಹಾವಿನಂತೆ ಬಿದ್ದಿತ್ತು. ತೆಗೆದು, ಅಳತೆಪಟ್ಟಿಯಿಂದ ಅಳೆದೆ. ಅಗಲ ಅರ್ಧ ಇಂಚು. ಹೊರಸುತ್ತಿನ ಉದ್ದ 95 ಇಂಚು. ಎರಡು ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಬೆಲ್ಟನ್ನು ಕಸದ ಡಬ್ಬಿಗೆ ಹಾಕಿದೆ.

ಹತ್ತಿರದ ಅಂಗಡಿಯಲ್ಲಿ ಅದೇ ಅಳತೆಯ ಬೆಲ್ಟು 14 ಡಾಲರಿಗೆ ಸಿಕ್ಕಿತು. ಅದರ ಮೇಲೆ 4ಎಲ್950 ಎಂದು ಬರೆದಿತ್ತು. ಆ ಸಂಕೇತವನ್ನು ಓದುವುದು ಸುಲಭ: ಮೊದಲ 4 ಎಂದರೆ ಅಗಲ ಎಂಟನೇ ನಾಲ್ಕು ಇಂಚು, ಅಂದರೆ ಅರ್ಧ ಇಂಚು, ಕೊನೆಯ 950 ಎಂದರೆ ಉದ್ದ 95.0 ಇಂಚು. ನಡುವಿನ ಎಲ್ ಅಕ್ಷರ ಏನು ಹೇಳುತ್ತಿದೆ ಎಂದು ನಾನು ವಿಚಾರಿಸಲಿಲ್ಲ. ಅದು ಒಂದು ಅಶ್ವಶಕ್ತಿಗಿಂತ ಕಡಿಮೆಯ ಹಗುರ ಕೆಲಸಕ್ಕೆ, ಅಂದರೆ ಬಟ್ಟೆ ಒಗೆಯುವ ಯಂತ್ರಕ್ಕೋ ಗಾಳಿಯಂತ್ರಕ್ಕೋ ಮಾಡಿದ ವರ್ಗದ ಗುರುತು. ಹುಲ್ಲಿನ ಡೆಕ್ಕಿನ ಬೆಲ್ಟು ಮಾಡಬೇಕಾದ ಕೆಲಸವೇ ಬೇರೆ. ಅದು ಪ್ರತಿಸಲ ಲಿವರ್ ಎಳೆದಾಗ ತಿರುಗುತ್ತಿರುವ ಪುಲ್ಲಿಯ ಮೇಲೆ ಮೊದಲು ಜಾರಿ, ಬಿಸಿಯಾಗಿ, ಆಮೇಲೆ ಹಿಡಿದುಕೊಳ್ಳಬೇಕು. ಅದಕ್ಕಾಗಿಯೇ ಆ ಬೆಲ್ಟುಗಳೊಳಗೆ ಅರಾಮಿಡ್ ಎಂಬ ಗಟ್ಟಿ ನೂಲಿನ ಹುರಿ ಇರುತ್ತದೆ, ಮೇಲೆ ಜಾರುವುದಕ್ಕೆ ತಡೆದುಕೊಳ್ಳುವ ಬಟ್ಟೆಯ ಹೊದಿಕೆ ಇರುತ್ತದೆ. ಇವೆಲ್ಲವೂ ನನಗೆ ಗೊತ್ತಾದದ್ದು ತಡವಾಗಿ.

ಸಂಜೆಯೊಳಗೆ ಹೊಸ ಬೆಲ್ಟನ್ನು ಕೂರಿಸಿದೆ. ಬೆಲ್ಟು ಹೋಗುವ ದಾರಿಯ ಚಿತ್ರ ಡೆಕ್ಕಿನ ಮೇಲೆ ಅಂಟಿಸಿದ ಚೀಟಿಯಲ್ಲಿತ್ತು; ಬಿಸಿಲಿಗೆ ಬಿಳಿಚಿದ್ದರೂ ಓದಲು ಬರುತ್ತಿತ್ತು. ಪುಲ್ಲಿಗಳ ಅಂಚಿನಲ್ಲಿ ಬೆಲ್ಟು ಹಾರದಂತೆ ನಿಲ್ಲಿಸಿದ ಸಣ್ಣ ಕಂಬಿಗಳಿರುತ್ತವೆ. ಅವುಗಳ ಬೋಲ್ಟು ಸಡಿಲಿಸಿ ಬೆಲ್ಟನ್ನು ಒಳಗೆ ತರಬೇಕು. ನಾನು ಆತುರಕ್ಕೆ ಒಂದು ಕಂಬಿಯನ್ನು ಸ್ಕ್ರೂಡ್ರೈವರಿನಿಂದ ಮೀಟಿ ಬಾಗಿಸಿ ಬೆಲ್ಟನ್ನು ತೂರಿಸಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹೀಗೆಯೇ.

ಭಾನುವಾರ ಮಧ್ಯಾಹ್ನ ಮತ್ತೆ ಹುಲ್ಲಿಗಿಳಿದೆ. ಮೊದಲ ಅರ್ಧ ಗಂಟೆ ಎಲ್ಲವೂ ಚೆನ್ನಾಗಿತ್ತು. ನಂತರ ಸುಟ್ಟ ರಬ್ಬರಿನ ವಾಸನೆ ಬರತೊಡಗಿತು. ಪಕ್ಕದ ಮನೆಯವರು ಏನನ್ನೋ ಸುಡುತ್ತಿರಬೇಕು ಎಂದುಕೊಂಡು ಇನ್ನೂ ಎರಡು ಸಾಲು ಓಡಿಸಿದೆ. ನಲವತ್ತನೆಯ ನಿಮಿಷಕ್ಕೆ ಡೆಕ್ಕಿನ ಬಲಬದಿಯಿಂದ ಹೊಗೆ ಎದ್ದಿತು, ಬ್ಲೇಡುಗಳು ನಿಂತವು.

ನಮ್ಮ ಚಿಕ್ಕಪ್ಪನವರು ತಿಪಟೂರಿನ ಕಡೆಯ ಹಳ್ಳಿಯೊಂದರಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಬೆಲ್ಟಿನ ಜೊತೆಗೆ ದಿನವಿಡೀ ಇರುವ ಮನುಷ್ಯರು ನನಗೆ ಗೊತ್ತಿರುವವರಲ್ಲಿ ಅವರೊಬ್ಬರೇ. ಅಂದು ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿದೆ. ಅಲ್ಲಿ ಸೋಮವಾರ ಬೆಳಿಗ್ಗೆ ಏಳು ಗಂಟೆ, ಅವರು ಗಿರಣಿಯ ಬಾಗಿಲು ತೆಗೆಯುವ ಹೊತ್ತು. ಎಲ್ಲವನ್ನೂ ಕೇಳಿಸಿಕೊಂಡು ಅವರು ಒಂದೇ ಪ್ರಶ್ನೆ ಹಾಕಿದರು.

“ಹಳೇ ಬೆಲ್ಟು ಎಲ್ಲಿಟ್ಟಿದೀಯೋ?”

“ಕಸಕ್ಕೆ ಹಾಕ್ಬಿಟ್ಟೆ ಚಿಕ್ಕಪ್ಪ.”

“ಮೊದ್ಲು ಹೋಗಿ ಎತ್ಕೊಂಡ್ ಬಾ. ಉದ್ದ ಎಷ್ಟು, ಅಗಲ ಎಷ್ಟು ಅಂತ ಅಳೆದೆಯಲ್ಲ, ಎಲ್ಲಿ ಸವೆದದೆ ಅಂತ ನೋಡಿದ್ಯೇನೋ?”

ನೋಡಿರಲಿಲ್ಲ. ಸೋಮವಾರ ಬೆಳಗಿನ ಕಸದ ಲಾರಿಗೆಂದು ಡಬ್ಬಿಯನ್ನು ಆಗಲೇ ರಸ್ತೆಯಂಚಿಗೆ ಉರುಳಿಸಿಟ್ಟಿದ್ದೆವು. ಟಾರ್ಚ್ ಹಿಡಿದು ಎರಡು ಚೀಲಗಳ ಕೆಳಗಿನಿಂದ ಬೆಲ್ಟನ್ನು ಎಳೆಯುತ್ತಿದ್ದಾಗ ಬಾಗಿಲಲ್ಲಿ ನಿಂತ ನನ್ನಾಕೆ, “ನೋಡಿದವರು ಏನಂದ್ಕೊಳ್ತಾರೆ ರೀ, ಒಳಗೆ ಬನ್ನಿ” ಎಂದಳು. ಬೆಲ್ಟು ಸಿಕ್ಕಿತು. ಅದನ್ನು ಸುಟ್ಟುಹೋದ ಹೊಸ ಬೆಲ್ಟಿನ ಪಕ್ಕದಲ್ಲಿ ಗ್ಯಾರೇಜಿನ ಮೇಜಿನ ಮೇಲೆ ಹಾಸಿ, ಎರಡನ್ನೂ ಚಿಂದಿಬಟ್ಟೆಯಿಂದ ಒರೆಸಿ, ದೀಪವನ್ನು ಹತ್ತಿರಕ್ಕೆ ತಂದು ಮೊದಲ ಬಾರಿಗೆ ಸರಿಯಾಗಿ ನೋಡಿದೆ.

ಈ ಬೆಲ್ಟಿನ ಅಡ್ಡಕೊಯ್ತ ತಲೆಕೆಳಗಾದ ಗೋಪುರದಂತಿರುತ್ತದೆ: ಹೊರಗಿನ ಬೆನ್ನು ಅಗಲ, ಒಳಗಿನ ಹೊಟ್ಟೆ ಕಿರಿದು. ಅದು ಎಳೆಯುವುದು ಇಬ್ಬದಿಯ ಓರೆ ಗೋಡೆಗಳಿಂದ. ಪುಲ್ಲಿಯ ಅಂಚಿನ ತೋಡಿನಲ್ಲಿ ಬೆಣೆಯಂತೆ ಸಿಕ್ಕಿಕೊಂಡು ಎಳೆಯುತ್ತದೆಯೇ ಹೊರತು ಹೊಟ್ಟೆ ತಳಕ್ಕೆ ತಾಗುವುದಿಲ್ಲ, ತಾಗಕೂಡದು. ಆದ್ದರಿಂದ ವಯಸ್ಸಾಗಿ ಸವೆದ ಬೆಲ್ಟು ಪಕ್ಕಗಳಲ್ಲಿ ಸವೆದಿರಬೇಕು. ನನ್ನ ಹಳೆಯ ಬೆಲ್ಟಿನ ಪಕ್ಕಗಳು ಇನ್ನೂ ಒಂದು ವರ್ಷ ಬಾಳುವಂತಿದ್ದವು. ಹೋಗಿದ್ದದ್ದು ಬೆನ್ನು. ಸುತ್ತಲೂ, 95 ಇಂಚಿನ ಉದ್ದಕ್ಕೂ, ಬೆನ್ನಿನ ಬಟ್ಟೆ ಉಜ್ಜಿಹೋಗಿ ರಬ್ಬರು ಕರಿಗನ್ನಡಿಯಂತೆ ಹೊಳೆಯುತ್ತಿತ್ತು. ಹರಿದ ಜಾಗದ ಹತ್ತಿರ ಒಳಗಿನ ನೂಲುಗಳು ತೆಂಗಿನ ಜುಂಗಿನ ಹಾಗೆ ಹೊರಬಂದಿದ್ದವು. ಬೆಲ್ಟಿನ ಬಲವೆಲ್ಲ ಇರುವುದು ಆ ನೂಲುಗಳಲ್ಲಿ, ಮತ್ತು ಅವು ಇರುವುದು ಬೆನ್ನಿನ ಹತ್ತಿರದಲ್ಲಿಯೇ. ಹೊಸ ಬೆಲ್ಟು ಪಕ್ಕದಲ್ಲೂ ಸುಟ್ಟಿತ್ತು, ಅದು ಅದರ ಹಗುರತನದ ಫಲ. ಆದರೆ ಅದರ ಬೆನ್ನಿನ ಮೇಲೂ ನಲವತ್ತೇ ನಿಮಿಷದಲ್ಲಿ ಅದೇ ಹೊಳಪು ಬಂದಿತ್ತು.

ಡೆಕ್ಕಿನಲ್ಲಿ ಬೆಲ್ಟಿನ ಬೆನ್ನನ್ನು ಮುಟ್ಟುವ ವಸ್ತು ಒಂದೇ ಒಂದು. ಲಿವರ್ ಎಳೆದಾಗ ಬೆಲ್ಟನ್ನು ಹೊರಗಿನಿಂದ ಒತ್ತಿ ಬಿಗಿ ಮಾಡುವ ಚಪ್ಪಟೆ ಪುಲ್ಲಿ. ಅದಕ್ಕೆ ಐಡ್ಲರ್ ಎಂಬ ಹೆಸರಿದೆ. ಅದು ಶಕ್ತಿಯನ್ನು ಎಲ್ಲಿಗೂ ಸಾಗಿಸುವುದಿಲ್ಲ, ಸುಮ್ಮನೆ ಒರಗಿಕೊಂಡು ತಿರುಗುತ್ತಿರಬೇಕು, ಅಷ್ಟೆ. ತಿರುಗದೆ ನಿಂತರೆ ಅದು ಸಾಣೆಕಲ್ಲಾಗುತ್ತದೆ. ರಾತ್ರಿ ಹನ್ನೊಂದರ ಸುಮಾರಿಗೆ ಟಾರ್ಚ್ ಹಿಡಿದು ಡೆಕ್ಕಿನ ಬಳಿ ಕುಳಿತು ಐಡ್ಲರನ್ನು ಬೆರಳಿನಿಂದ ತಿರುಗಿಸಿದೆ. ಕಾಲು ಸುತ್ತು ತಿರುಗಿ, ಮರಳು ಅರೆದಂತೆ ಕರಕರ ಎಂದು, ನಿಂತಿತು. ಚಿಕ್ಕಪ್ಪನವರಿಗೆ ಅದರ ವಿಡಿಯೋ ಕಳಿಸಿದೆ. “ಸಿಕ್ತಲ್ಲ ಕಳ್ಳ” ಎಂದು ಬರೆದರು. ಮರುದಿನ ಮತ್ತೆ ಮಾತಾಡಿದಾಗ, ಐವತ್ತು ಗುಂಟೆಗೆ ಎರಡು ದನ ಕಟ್ಟಿದ್ದರೆ ಬೆಲ್ಟೂ ಬೇಡ ಬ್ಲೇಡೂ ಬೇಡ ಎಂದೂ ಸೇರಿಸಿದರು.

ಈ ಬಾರಿ ಸೀಟಿನ ಕೆಳಗಿನ ಚೀಟಿಯಿಂದ ಯಂತ್ರದ ಮಾದರಿ ಸಂಖ್ಯೆಯನ್ನು ಬರೆದುಕೊಂಡು, ಆ ಸಂಖ್ಯೆಗೆ ಹೊಂದುವ ಬೆಲ್ಟನ್ನೂ ಐಡ್ಲರನ್ನೂ ತರಿಸಿದೆ. ಬೆಲ್ಟಿಗೆ 42 ಡಾಲರ್ ಬಿತ್ತು. ಗುರುವಾರ ಬಂದಿತು, ಶನಿವಾರ ಬೆಳಿಗ್ಗೆ ಕೂತೆ. ಅಷ್ಟರಲ್ಲಿ ಕತ್ತರಿಸದೆ ಬಿಟ್ಟಿದ್ದ ಕಡೆ ಹುಲ್ಲು ಒಂಬತ್ತು ಇಂಚಾಗಿತ್ತು.

ಐಡ್ಲರಿನ ನಟ್ಟು ಬಿಚ್ಚುವುದರಲ್ಲೇ ಒಂದು ಪಾಠವಾಯಿತು. ಊರಿನಿಂದ ತಂದಿದ್ದ ನನ್ನ ಸ್ಪ್ಯಾನರುಗಳು ಮಿಲಿಮೀಟರಿನವು. 14ರದು ನಟ್ಟಿನ ಮೇಲೆ ಹತ್ತಲೇ ಇಲ್ಲ. 15ರದು ಹತ್ತಿ, ತಿರುಗಿಸಿದೊಡನೆ ಜಾರಿ ಮೂಲೆಗಳನ್ನು ಉಂಡೆ ಮಾಡತೊಡಗಿತು. ಈ ಯಂತ್ರದ ನಟ್ಟುಗಳೆಲ್ಲ ಇಂಚಿನವು, ಇದು ಹದಿನಾರನೇ ಒಂಬತ್ತು ಇಂಚಿನದು, ಅಂದರೆ 14.29 ಮಿಲಿಮೀಟರು. ಪಕ್ಕದ ಮನೆಯ ಹಿರಿಯರು ತಮ್ಮ ಸಾಕೆಟ್ ಪೆಟ್ಟಿಗೆಯನ್ನೇ ತಂದುಕೊಟ್ಟು, ಉಂಡೆಯಾಗುತ್ತಿದ್ದ ನಟ್ಟನ್ನು ನೋಡಿ ಏನೂ ಹೇಳದೆ ಹೋದರು. ಒಳ್ಳೆಯವರು.

ನಟ್ಟು ಬಿಚ್ಚಿ ಐಡ್ಲರನ್ನು ಎತ್ತಿದಾಗ ಅದರ ಕೆಳಗೆ, ಬೇರಿಂಗಿನ ಮುಚ್ಚಳಕ್ಕೂ ಐಡ್ಲರನ್ನು ಹೊತ್ತಿರುವ ತೋಳಿಗೂ ನಡುವೆ, ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ದಾರ ನೂಲುಂಡೆಯ ಹಾಗೆ ಸುತ್ತಿಕೊಂಡಿತ್ತು. ಆ ದಾರದ ಗುರುತು ನನಗೆ ತಕ್ಷಣ ಹತ್ತಿತು. ಕಳೆದ ಅಕ್ಟೋಬರಿನಲ್ಲಿ ಮಕ್ಕಳು ಕುಂಬಳಕಾಯಿಗಳ ಜೊತೆ ಅಲಂಕಾರಕ್ಕೆಂದು ಮನೆಯ ಮುಂದೆ ಇರಿಸಿದ್ದ ಒಣಹುಲ್ಲಿನ ಪೆಂಡಿಯನ್ನು ಕಟ್ಟಿದ್ದ ದಾರ ಅದು. ಪೆಂಡಿಯನ್ನು ಬಿಚ್ಚಿ ಗಿಡಗಳ ಬುಡಕ್ಕೆ ಹರಡಿದವನು ನಾನೇ, ದಾರವನ್ನು ಎತ್ತಿಡಲಿಲ್ಲ. ಅದು ಡೆಕ್ಕಿಗೆ ಸಿಕ್ಕಿ, ಸುತ್ತಿಕೊಂಡು, ಮುಚ್ಚಳದ ರಬ್ಬರನ್ನು ಕೊಯ್ದಿತ್ತು. ಕೊಯ್ದ ಜಾಗದಿಂದ ಒಳಗಿನ ಗ್ರೀಸು ಹೊರಬಂದು ಧೂಳು ಒಳಗೆ ಹೋಗಿತ್ತು. ಜೊತೆಗೆ, ಪ್ರತಿ ಬಾರಿ ಕೆಲಸ ಮುಗಿದ ಮೇಲೆ ಡೆಕ್ಕಿನ ಮೇಲ್ಭಾಗಕ್ಕೆ ಜೋರಾಗಿ ನೀರು ಹೊಡೆದು ತೊಳೆಯುವ ನನ್ನ ಅಭ್ಯಾಸವೂ ಆ ಬೇರಿಂಗಿಗೆ ತುಕ್ಕು ಉಣಿಸಿತ್ತು. ಈಗ ಒಣ ಬ್ರಷ್ಷಿನಿಂದ ಕೆರೆದು, ಎಲೆ ಊದುವ ಯಂತ್ರದ ಗಾಳಿಯಿಂದ ಹಾರಿಸುತ್ತೇನೆ.

ಕೈಯಲ್ಲಿದ್ದ ಹೊತ್ತಿಗೆ ಬ್ಲೇಡುಗಳನ್ನು ಹೊತ್ತಿರುವ ಎರಡು ಸ್ಪಿಂಡಲ್‌ಗಳನ್ನೂ ಪರೀಕ್ಷಿಸಿದೆ. ಬ್ಲೇಡಿನ ತುದಿಯನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಅಲುಗಾಟ ಇರಬಾರದು. ತಿರುಗಿಸಿ ಪುಲ್ಲಿಯ ಮೇಲೆ ಅಂಗೈ ಇಟ್ಟರೆ ಒಳಗೆ ಕರಕರ ಎನ್ನಬಾರದು. ಎರಡೂ ಚೆನ್ನಾಗಿದ್ದವು. ಅವುಗಳ ಬೇರಿಂಗಿನ ಮೇಲೆ 6203 ಎಂದು ಕೊರೆದಿದ್ದುದನ್ನು ಕಂಡು, ನಮ್ಮೂರಿನ ಮೋಟರ್ ರಿಪೇರಿ ಅಂಗಡಿಯ ಹುಡುಗ ಕೇಳಿದ ಕೂಡಲೆ ಡಬ್ಬಿಯಿಂದ ತೆಗೆದುಕೊಡುತ್ತಿದ್ದ ಬೇರಿಂಗು ಇಲ್ಲಿಯೂ ಇದೆಯಲ್ಲ ಎಂದು ಹಿತವೆನಿಸಿತು. ಬಾಗಿಸಿದ್ದ ಕಂಬಿಯನ್ನು ಇಕ್ಕಳದಿಂದ ನೆಟ್ಟಗೆ ಮಾಡಿದೆ. ಪುಲ್ಲಿಗಳ ತೋಡಿನಲ್ಲಿ ಸುಟ್ಟ ರಬ್ಬರು ಅಂಟಿದ್ದುದನ್ನು ತಂತಿಬ್ರಷ್ಷಿನಿಂದ ಉಜ್ಜಿ ತೆಗೆದೆ.

ಹೊಸ ಬೆಲ್ಟು ಹಾಕುವಾಗ ಆತುರಪಡಲಿಲ್ಲ. ಕಂಬಿಗಳ ಬೋಲ್ಟುಗಳನ್ನು ಸಡಿಲಿಸಿಯೇ ಬೆಲ್ಟನ್ನು ಒಳಗೆ ತಂದೆ. ಆದರೂ ಒಂದು ತಪ್ಪು ಉಳಿದಿತ್ತು. ಎಲ್ಲ ಬಿಗಿಮಾಡಿದ ಮೇಲೆ ಒಂದು ಪುಲ್ಲಿಯನ್ನು ಕೈಯಿಂದ ನಿಧಾನವಾಗಿ ತಿರುಗಿಸಿದಾಗ ಎಡಗಡೆಯಿಂದ ಸರಸರ ಎಂಬ ಸದ್ದು ಬಂದಿತು. ಎಡ ಸ್ಪಿಂಡಲಿನ ಬಳಿ ಬೆಲ್ಟು ಕಂಬಿಯ ಒಳಗಿರುವ ಬದಲು ಹೊರಗಿತ್ತು. ಎಂಜಿನ್ ಹಾಕಿದ್ದರೆ ಅದು ಐದು ನಿಮಿಷದಲ್ಲಿ 42 ಡಾಲರುಗಳನ್ನು ಕೊಯ್ದುಹಾಕುತ್ತಿತ್ತು. ಸರಿಪಡಿಸಿ ಮತ್ತೆ ತಿರುಗಿಸಿದೆ. ನನ್ನ ಡೆಕ್ಕಿನಲ್ಲಿ ಎರಡು ಬ್ಲೇಡುಗಳೂ ಒಂದೇ ದಿಕ್ಕಿಗೆ ತಿರುಗಬೇಕು. ಒಂದು ಹೀಗೆ ಒಂದು ಹಾಗೆ ತಿರುಗಿದರೆ ಬೆಲ್ಟು ಎಲ್ಲೋ ತಪ್ಪು ಬದಿಯಿಂದ ಹೋಗಿದೆ ಅಥವಾ ತಿರುಚಿಕೊಂಡಿದೆ ಎಂದರ್ಥ. ಒಂದೇ ದಿಕ್ಕಿಗೆ ತಿರುಗಿದವು, ಸದ್ದಿಲ್ಲದೆ.

ಡೆಕ್ಕನ್ನು ಗಾಡಿಯ ಕೆಳಗೆ ತಳ್ಳಿ ತೂಗುಹಾಕುವ ಕೆಲಸ ಬಿಚ್ಚುವುದಕ್ಕಿಂತ ಕಷ್ಟದ್ದು, ಏಕೆಂದರೆ ತೂತಿಗೆ ಪಿನ್ನು ಎದುರಾಗುವಂತೆ ಭಾರವನ್ನು ಎತ್ತಿ ಹಿಡಿಯಬೇಕು. ಒಂದು ಕಡೆಗೆ ಮರದ ತುಂಡು ಕೊಟ್ಟು ಏರಿಸಿ, ಇನ್ನೊಂದು ಕಡೆ ನನ್ನಾಕೆ ಹಿಡಿದುಕೊಂಡಾಗ ಪಿನ್ನುಗಳು ಕೂತವು. ಬೆಲ್ಟನ್ನು ಎಂಜಿನ್ನಿನ ಪುಲ್ಲಿಗೆ ಏರಿಸಿ, ಕೇಬಲ್ ಸಿಕ್ಕಿಸಿ, ಮೊದಲು ನಾಲ್ಕೂ ಟೈರುಗಳ ಗಾಳಿ ಸರಿಮಾಡಿದೆ. ಗಾಳಿ ಸರಿಯಿಲ್ಲದೆ ಡೆಕ್ಕಿನ ಮಟ್ಟ ನೋಡುವುದು ಕುಂಟ ಮೇಜಿನ ಮೇಲೆ ತಕ್ಕಡಿ ಇಟ್ಟ ಹಾಗೆ. ಸಮನಾದ ಸಿಮೆಂಟು ನೆಲದ ಮೇಲೆ ನಿಲ್ಲಿಸಿ, ಬ್ಲೇಡಿನ ತುದಿಯಿಂದ ನೆಲಕ್ಕೆ ಅಳೆದಾಗ ಎಡವೂ ಬಲವೂ ಸಮವಾಗಿದ್ದವು; ಮುಂಭಾಗ ಹಿಂಭಾಗಕ್ಕಿಂತ ಕಾಲು ಇಂಚಿನಷ್ಟು ತಗ್ಗಿರಬೇಕಾಗಿತ್ತು, ಆದರೆ ಅರ್ಧ ಇಂಚು ಏರಿತ್ತು. ಮುಂದಿನ ಕೊಂಡಿಯ ನಟ್ಟನ್ನು ತಿರುಗಿಸಿ ಇಳಿಸಿದೆ. ಕಳೆದ ವರ್ಷವೆಲ್ಲ ಹುಲ್ಲಿನ ತುದಿಗಳು ಹರಿದಂತಾಗಿ ಕಂದುತ್ತಿದ್ದುದಕ್ಕೆ ನಾನು ಬ್ಲೇಡಿನ ಮೊನೆಯನ್ನು ದೂರುತ್ತಿದ್ದೆ. ಬಹುಶಃ ಮೂಲ ಇಲ್ಲಿತ್ತು.

ಸ್ಪಾರ್ಕ್ ಪ್ಲಗ್ಗಿನ ತಂತಿ ಹಾಕಿ, ಸೀಟಿನ ಮೇಲೆ ಕೂತು, ಎಂಜಿನ್ನಿನ ವೇಗವನ್ನು ಅರ್ಧಕ್ಕಿಟ್ಟು ಲಿವರನ್ನು ನಿಧಾನವಾಗಿ ಏರಿಸಿದೆ. ಎಂಜಿನ್ ಒಂದು ಕ್ಷಣ ತಗ್ಗಿ, ಭಾರ ಹೊತ್ತು ನಿಂತಿತು. ಐದು ನಿಮಿಷ ಓಡಿಸಿ ಲಿವರ್ ಇಳಿಸಿದೆ. ಲಿವರ್ ಇಳಿಸಿದಾಗ ಬ್ಲೇಡುಗಳು 5 ಸೆಕೆಂಡಿನೊಳಗೆ ನಿಲ್ಲಬೇಕು. ಬೆಲ್ಟು ಸಡಿಲವಾಗುವುದರ ಜೊತೆಗೆ ಬ್ರೇಕಿನ ತುಂಡುಗಳು ಪುಲ್ಲಿಗಳಿಗೆ ಒತ್ತಿಕೊಳ್ಳುತ್ತವೆ. ಮನಸ್ಸಿನಲ್ಲೇ ಎಣಿಸಿದೆ, ಮೂರಕ್ಕೆ ಸದ್ದಡಗಿತು. ಎಂಜಿನ್ ಆರಿಸಿ, ಬೀಗದ ಕೈ ತೆಗೆದು, ಬಗ್ಗಿ ಹೊಸ ಐಡ್ಲರಿನ ಮೇಲೆ ಬೆರಳಿಟ್ಟೆ. ಆಗತಾನೆ ಕುಡಿದಿಟ್ಟ ಲೋಟದಷ್ಟು ಬೆಚ್ಚಗಿತ್ತು.

ಒಂಬತ್ತು ಇಂಚಿನ ಹುಲ್ಲನ್ನು ಒಂದೇ ಸಲಕ್ಕೆ ಇಳಿಸದೆ, ಡೆಕ್ಕನ್ನು ಅತ್ಯಂತ ಎತ್ತರಕ್ಕಿಟ್ಟು, ಅರ್ಧ ಅಗಲವನ್ನಷ್ಟೇ ತೆಗೆದುಕೊಳ್ಳುತ್ತ ಕತ್ತರಿಸಿದೆ. ಎರಡು ಗಂಟೆ ಹಿಡಿಯಿತು. ಮೇಪಲ್ ಮರದ ಸುತ್ತ ಬಂದಾಗ ಎರಡು ಬಾರಿ ನಿಲ್ಲಿಸಿ ಮೂಸಿದೆ. ಕತ್ತರಿಸಿದ ಹುಲ್ಲಿನ ವಾಸನೆಯ ಹೊರತು ಏನೂ ಇರಲಿಲ್ಲ. ಸಂಜೆ, ಎಂಜಿನ್ನಿನ ಮುಚ್ಚಳದ ಒಳಮೈಯಲ್ಲಿ ಅಳಿಸದ ಮಾರ್ಕರಿನಿಂದ ದಿನಾಂಕ, ಬೆಲ್ಟಿನ ಸಂಖ್ಯೆ, ಐಡ್ಲರಿನ ಸಂಖ್ಯೆ, ಅದರ ಕೆಳಗೆ “ಬಿಚ್ಚಲು 9/16” ಎಂದು ಬರೆದೆ. ಹಳೆಯ ಬೆಲ್ಟನ್ನು ಮತ್ತೆ ಕಸಕ್ಕೆ ಹಾಕಲು ಮನಸ್ಸಾಗದೆ ಗ್ಯಾರೇಜಿನ ಮೊಳೆಗೆ ಬೆನ್ನು ಹೊರಗೆ ಕಾಣುವಂತೆ ತೂಗುಹಾಕಿದ್ದೇನೆ. ಕಿತ್ತಳೆ ದಾರವೂ ಅದರ ಜೊತೆಯಲ್ಲಿದೆ.